ಸ್ವರ್ಗಸ್ಥ ಸ್ವತಂತ್ರ ಪಕ್ಷಕ್ಕೆ ದಾವಣಗೆರೆಯಿಂದ ಒಂದು ಅರ್ಜಿ

ಗೆ,
ಸ್ವತಂತ್ರ ಪಕ್ಷ, ನಕ್ಷತ್ರದ ಗುರುತು,
ಈಗಿನ ವಿಳಾಸ ತಿಳಿದಿಲ್ಲ.

ಮಾನ್ಯರೇ,

ತಾವು ತೀರಿಕೊಂಡು ಐವತ್ತು ವರ್ಷ ದಾಟಿದೆ ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇನೆ. ತೀರಿಕೊಂಡಿಲ್ಲ, 1974ರಲ್ಲಿ ಚರಣ್ ಸಿಂಗ್ ಅವರ ಭಾರತೀಯ ಲೋಕದಳದಲ್ಲಿ ವಿಲೀನವಾದೆವು ಎಂದು ತಮ್ಮ ಕಡೆಯವರು ತಿದ್ದಬಹುದು. ತಿದ್ದಲಿ. ನಮ್ಮ ದೇಶದಲ್ಲಿ ಪಕ್ಷಗಳಿಗೆ ಮರಣ ಪ್ರಮಾಣಪತ್ರ ಕೊಡುವ ಪದ್ಧತಿ ಇಲ್ಲ. ವಿಲೀನ ಎಂಬ ಮರ್ಯಾದೆಯ ಹೆಸರಿನಲ್ಲೇ ಎಲ್ಲರನ್ನೂ ಮಣ್ಣು ಮಾಡುತ್ತೇವೆ.

ರಾಜಾಜಿ, ಮಿನೂ ಮಸಾನಿ, ರಂಗಾ, ಮುನ್ಷಿ ಎಂಬ ತಮ್ಮ ನಾಯಕರ ನಡುವೆ ದಾವಣಗೆರೆಯವನಿಗೇನು ಕೆಲಸ ಎನ್ನಬೇಡಿ. ತಮಗೂ ನಮಗೂ ಹಳೇ ಬಾಕಿ ಇದೆ. 1967ರ ಲೋಕಸಭಾ ಚುನಾವಣೆಯಲ್ಲಿ ಚಿತ್ರದುರ್ಗ ಕ್ಷೇತ್ರದಿಂದ ಗೆದ್ದವರು ಜಗಳೂರಿನ ಜೆ. ಮೊಹಮದ್ ಇಮಾಂ, ತಮ್ಮ ನಕ್ಷತ್ರದ ಗುರುತಿನ ಮೇಲೆ. ಆಗ ದಾವಣಗೆರೆ, ಹರಿಹರ, ಜಗಳೂರು ಎಲ್ಲವೂ ಚಿತ್ರದುರ್ಗ ಜಿಲ್ಲೆಯವೇ. ಮುಖ್ಯಮಂತ್ರಿ ನಿಜಲಿಂಗಪ್ಪನವರ ಸ್ವಂತ ಅಂಗಳ ಅದು. 1952ರಲ್ಲಿ ಇದೇ ಕ್ಷೇತ್ರದಿಂದ ಅವರು ಲೋಕಸಭೆಗೆ ಹೋಗಿದ್ದರು. ಅಂಥ ಅಂಗಳದಲ್ಲಿ ಕಾಂಗ್ರೆಸ್ಸನ್ನು ಕೆಡವಿದ್ದು ಚಿಲ್ಲರೆ ಮಾತಲ್ಲ. ಉಡುಪಿಯಲ್ಲಿ ಲೋಬೊ ಪ್ರಭು, ಹಾಸನದಲ್ಲಿ ಶಿವಪ್ಪ, ಹೀಗೆ ಮೈಸೂರು ರಾಜ್ಯದಿಂದ ಐದು ಜನ ತಮ್ಮವರು ದೆಹಲಿಗೆ ಹೋದರು. ವಿಧಾನಸಭೆಯಲ್ಲಿ 1962ರ ಒಂಬತ್ತು ಸ್ಥಾನ ಹದಿನಾರಕ್ಕೇರಿತು. ದೇಶದಲ್ಲಿ 44 ಸೀಟು ಗೆದ್ದು ಲೋಕಸಭೆಯ ಅತಿ ದೊಡ್ಡ ವಿರೋಧ ಪಕ್ಷವಾದಿರಿ. ಹುಟ್ಟಿ ಎಂಟೇ ವರ್ಷದಲ್ಲಿ!

ಒಂದು ಸಣ್ಣ ಅನುಮಾನ ಮಾತ್ರ ಆಗಿನಿಂದ ಉಳಿದುಕೊಂಡಿದೆ. ಇದೇ ಇಮಾಂ ಸಾಹೇಬರು 1957ರಲ್ಲಿ ಇದೇ ಕ್ಷೇತ್ರದಿಂದ ಗೆದ್ದಿದ್ದರಲ್ಲ, ಆಗ ಅವರದು ಪ್ರಜಾ ಸಮಾಜವಾದಿ ಪಕ್ಷ. ಸಮಾಜವಾದ ಬೇಕು ಎಂದಾಗಲೂ ನಮ್ಮ ಜನ ಗೆಲ್ಲಿಸಿದರು, ಸಮಾಜವಾದ ಬೇಡವೇ ಬೇಡ ಎಂದಾಗಲೂ ಗೆಲ್ಲಿಸಿದರು. ಇಲ್ಲಿಯವರು ಓಟು ಹಾಕಿದ್ದು ಇಮಾಂ ಅವರಿಗೆ, ಮತ್ತು ಕಾಂಗ್ರೆಸ್ಸಿನ ವಿರುದ್ಧ. ತಾವು ಅದನ್ನು ಮುಕ್ತ ಆರ್ಥಿಕತೆಗೆ ಸಿಕ್ಕ ಜನಾದೇಶ ಎಂದು ಲೆಕ್ಕ ಬರೆದುಕೊಂಡಿರಿ. ಅದೇ ಲೋಕಸಭೆಗೆ ಪಕ್ಕದ ಶಿವಮೊಗ್ಗದಿಂದ ಸಂಯುಕ್ತ ಸಮಾಜವಾದಿ ಪಕ್ಷದ ಜೆ.ಎಚ್. ಪಟೇಲರೂ ಹೋಗಿದ್ದರು, ಅಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದವರು. ಜಗಳೂರೂ ಪಟೇಲರ ಕಾರಿಗನೂರೂ ಈಗ ಒಂದೇ ಜಿಲ್ಲೆ. ಬಲಕ್ಕೂ ಎಡಕ್ಕೂ ಆಳು ಕಳಿಸಿಕೊಟ್ಟ ನೆಲ ನಮ್ಮದು.

ತಮ್ಮ ವಾದದಲ್ಲಿ ಹುರುಳಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. 1959ರ ಜನವರಿಯಲ್ಲಿ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ಸು ಸಹಕಾರಿ ಬೇಸಾಯದ ನಿರ್ಣಯ ಮಾಡಿದಾಗ, ಹೊಲದ ಬದು ಕಿತ್ತು ಎಲ್ಲರೂ ಒಟ್ಟಿಗೆ ಉಳುಮೆ ಮಾಡಿ ಎಂದರೆ ಯಾವ ರೈತ ಒಪ್ಪುತ್ತಾನೆ ಎಂದು ತಾವು ಕೇಳಿದ್ದು ಸರಿ. ಎಂಬತ್ತು ತುಂಬಿದ ರಾಜಾಜಿ ಹಠ ಹಿಡಿದು ಹೊಸ ಪಕ್ಷ ಕಟ್ಟಿದ್ದೂ ಸೋಜಿಗವೇ. ಆ ವಯಸ್ಸಿನಲ್ಲಿ ನಮ್ಮವರು ಮೊಮ್ಮಗನಿಗೆ ಟಿಕೆಟ್ ಕೊಡಿಸುವುದರಲ್ಲಿರುತ್ತಾರೆ. ಎಲ್ಲಕ್ಕೂ ಸರ್ಕಾರದ ಅಪ್ಪಣೆ ಬೇಕಿದ್ದ ವ್ಯವಸ್ಥೆಗೆ ಲೈಸೆನ್ಸು, ಪರ್ಮಿಟ್ಟು, ಕೋಟಾ ರಾಜ್ಯ ಎಂದು ರಾಜಾಜಿ ಇಟ್ಟ ಹೆಸರು ಇಂದಿಗೂ ಚಾಲ್ತಿಯಲ್ಲಿದೆ.

ಆದರೆ ನಮ್ಮೂರ ವ್ಯಾಪಾರದ ಬೀದಿಗಳಾದ ಚೌಕಿಪೇಟೆ, ಮಂಡಿಪೇಟೆಗಳಲ್ಲಿ ಒಂದು ಸುತ್ತು ಹಾಕಿದ್ದರೆ ತಮಗೆ ಇನ್ನೊಂದು ಸತ್ಯ ತಿಳಿಯುತ್ತಿತ್ತು. ಲೈಸೆನ್ಸು ಸಿಗದವನಿಗೆ ಅದು ಅನ್ಯಾಯ. ಸಿಕ್ಕವನಿಗೆ ಕಾಂಪೌಂಡು ಗೋಡೆ. ಒಳಗಿರುವವನು ಗೋಡೆ ಕೆಡವುವ ಪಕ್ಷಕ್ಕೆ ಯಾಕೆ ಚಂದಾ ಕೊಟ್ಟಾನು? ಕೊಡುವ ಮನಸ್ಸಿದ್ದವರಿಗೂ 1969ರಲ್ಲಿ ದಾರಿ ಮುಚ್ಚಿತು. ಕಂಪನಿಗಳು ರಾಜಕೀಯ ಪಕ್ಷಗಳಿಗೆ ದೇಣಿಗೆ ಕೊಡುವಂತಿಲ್ಲ ಎಂದು ಸರ್ಕಾರ ಕಾನೂನು ಮಾಡಿತು. ಖಾಸಗಿ ಉದ್ಯಮದ ಪರವಾದ ಪಕ್ಷಕ್ಕೆ ಖಾಸಗಿ ಉದ್ಯಮದ ದುಡ್ಡೇ ನಿಷಿದ್ಧ. ಇಂದಿರಾಗಾಂಧಿಯವರಿಗೆ ಹಾಸ್ಯಪ್ರಜ್ಞೆ ಇರಲಿಲ್ಲ ಎನ್ನುವವರು ಈ ಕಡತ ಓದಬೇಕು.

ಹರಿಹರದ ಕತೆಯಂತೂ ಇನ್ನೂ ಸ್ವಾರಸ್ಯ. ಅಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳು ತಯಾರಾಗುತ್ತಿದ್ದವು. ಅವುಗಳ ಮೇಲಿನ ಹೆಸರು ‘ಎಂಟರ್‌ಪ್ರೈಸ್’. ತಮ್ಮ ಪ್ರಣಾಳಿಕೆಯನ್ನೇ ಎರಕ ಹೊಯ್ದಂತೆ! ಎಷ್ಟು ಯಂತ್ರ ಮಾಡಬೇಕು ಎಂಬುದಕ್ಕೂ ದೆಹಲಿಯ ಅಪ್ಪಣೆ ಬೇಕಿದ್ದ ಕಾಲದಲ್ಲಿ ಅದು ಬದುಕಿತ್ತು, ಊರಿಗೆ ಅನ್ನ ಹಾಕಿತ್ತು. 1991ರ ಉದಾರೀಕರಣದಲ್ಲಿ ತಾವು ಕೇಳಿದ್ದ ಬಾಗಿಲು ಕಡೆಗೂ ತೆರೆಯಿತು. ಹೊರಗಿನ ಯಂತ್ರಗಳು ಒಳಗೆ ಬಂದವು. ಹತ್ತು ಹನ್ನೆರಡು ವರ್ಷ ಕಳೆಯುವುದರೊಳಗೆ ಕಿರ್ಲೋಸ್ಕರ್ ಬಾಗಿಲು ಹಾಕಿತು. ಇದಕ್ಕೆ ತಮ್ಮ ಸಿದ್ಧಾಂತದಲ್ಲಿ ಉತ್ತರ ಖಂಡಿತ ಇದೆ, ಪುಟ ಸಂಖ್ಯೆ ಸಮೇತ. ಆ ಪುಟವನ್ನು ಹರಿಹರದ ಹಳೇ ಕಾರ್ಮಿಕರ ಮುಂದೆ ತಾವೇ ಬಂದು ಓದಿದರೆ ಒಳ್ಳೆಯದು, ನನಗೆ ಧೈರ್ಯ ಸಾಲದು. ದಾವಣಗೆರೆಯಲ್ಲಿ ಓದುವುದು ಇನ್ನೂ ಕಷ್ಟ. ಹತ್ತಿ ಗಿರಣಿಗಳ ಈ ಊರು ತಮ್ಮ ನಕ್ಷತ್ರ ಮುಳುಗಿದ ಮೇಲೆ ಕಮ್ಯುನಿಸ್ಟ್ ಪಂಪಾಪತಿಯವರನ್ನು 1978, 1983, 1985, ಹೀಗೆ ಮೂರು ಸಲ ವಿಧಾನಸಭೆಗೆ ಕಳಿಸಿತು.

ಇನ್ನು 1971ರ ಲೋಕಸಭಾ ಚುನಾವಣೆ. ಕ್ಷಮಿಸಿ, ಇದನ್ನು ಕೆದಕಲೇಬೇಕು. ಅದಕ್ಕೂ ಮೊದಲೇ ಇಂದಿರಾ ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದ್ದರು. ನಮ್ಮ ಕೆನರಾ, ಸಿಂಡಿಕೇಟ್ ಬ್ಯಾಂಕುಗಳೂ ಹೋದವು. ತಮ್ಮವರೇ ಆದ ಆರ್.ಸಿ. ಕೂಪರ್ ಸುಪ್ರೀಂ ಕೋರ್ಟಿಗೆ ಹೋಗಿ 1970ರಲ್ಲಿ ಗೆದ್ದೂ ಬಂದರು. ಕೋರ್ಟಿನಲ್ಲಿ ಗೆದ್ದಿದ್ದು ಬೀದಿಯಲ್ಲಿ ಉಳಿಯಲಿಲ್ಲ. ಚುನಾವಣೆಗೆಂದು ತಾವು ಮಾಡಿಕೊಂಡ ಮಹಾಮೈತ್ರಿಯಲ್ಲಿ ಯಾರಿದ್ದರು? ಜನಸಂಘ, ಸರಿ. ಸಂಯುಕ್ತ ಸಮಾಜವಾದಿ ಪಕ್ಷ. ಜೊತೆಗೆ ನಾಲ್ಕು ವರ್ಷದ ಹಿಂದೆ ಅವರ ಅಂಗಳದಲ್ಲೇ ಕೆಡವಿದ್ದಿರಲ್ಲ, ಆ ನಿಜಲಿಂಗಪ್ಪನವರ, ಇಂದಿರಾರಿಂದ ಬೇರೆಯಾಗಿದ್ದ ಸಂಸ್ಥಾ ಕಾಂಗ್ರೆಸ್ಸು! ಹರಿಹರದ ಹರಿಹರೇಶ್ವರನನ್ನು ನೋಡಿ ಧೈರ್ಯ ತಂದುಕೊಂಡಿರೋ ಏನೋ. ಅರ್ಧ ಹರಿ, ಅರ್ಧ ಹರ ಆದದ್ದು ಒಂದೇ ಕಲ್ಲಿನಲ್ಲಿ ಕಡೆದದ್ದಕ್ಕೆ. ಬೇರೆ ಬೇರೆ ಕಲ್ಲು ತಂದು ಸುಣ್ಣ ಮೆತ್ತಿದರೆ ಆಗುವುದಿಲ್ಲ. ರಾಜ್ಯದ ಇಪ್ಪತ್ತೇಳಕ್ಕೆ ಇಪ್ಪತ್ತೇಳೂ ಇಂದಿರಾ ಪಾಲಾದವು. ಇಮಾಂ ಗೆದ್ದಿದ್ದ ಕ್ಷೇತ್ರ ಕೊಂಡಜ್ಜಿ ಬಸಪ್ಪನವರ ಕೈಗೆ ಹೋಯಿತು. ದೇಶದಲ್ಲಿ ತಮಗೆ ಉಳಿದದ್ದು ಎಂಟು. ಮರುವರ್ಷ ನಮ್ಮ ವಿಧಾನಸಭೆಯಲ್ಲಿ ಸೊನ್ನೆ. ಆ ವರ್ಷದ ಡಿಸೆಂಬರಿನಲ್ಲಿ ರಾಜಾಜಿಯೂ ಹೊರಟುಹೋದರು.

ತಮ್ಮ 21 ಮೂಲತತ್ತ್ವಗಳಲ್ಲಿ ನನಗೆ ಬಹಳ ಹಿಡಿಸಿದ್ದು ಕೊನೆಯದು. ಇಲ್ಲಿ ಹೇಳದ ಯಾವುದೇ ವಿಷಯದಲ್ಲಿ ಸದಸ್ಯರು ತಮ್ಮ ತಮ್ಮ ಅಭಿಪ್ರಾಯ ಇಟ್ಟುಕೊಳ್ಳಲು ಪೂರ್ಣ ಸ್ವತಂತ್ರರು ಎಂಬ ಮಾತು. ಪಕ್ಷದೊಳಗೆ ಅಭಿಪ್ರಾಯ! ಈಗ ನಮ್ಮಲ್ಲಿ ಶಾಸಕರಿಗೆ ಅಭಿಪ್ರಾಯ ಬಂದರೆ ನೋಟಿಸು ಬರುತ್ತದೆ, ನೋಟಿಸಿಗೂ ಬಗ್ಗದಿದ್ದರೆ ರೆಸಾರ್ಟಿಗೆ ಬಸ್ಸು ಬರುತ್ತದೆ.

ಆದರೂ ಬೇಸರ ಬೇಡ. ಖಾಸಗಿ ಆಸ್ತಿಯನ್ನು ಯಾರೂ ಕಿತ್ತುಕೊಳ್ಳಬಾರದು ಎಂಬ ತಮ್ಮ ಕನಸು ಬೇರೆಲ್ಲೂ ಅಲ್ಲದಿದ್ದರೂ ದಾವಣಗೆರೆ ಲೋಕಸಭಾ ಕ್ಷೇತ್ರದಲ್ಲಿ ಅಕ್ಷರಶಃ ನನಸಾಗಿದೆ. 1996ರಿಂದ ಈಚೆಗೆ ಈ ಕ್ಷೇತ್ರ ಎರಡು ಮನೆತನಗಳ ಆಚೆ ಹೋಗಿಲ್ಲ. 2024ರಲ್ಲಿ ಒಂದು ಮನೆಯ ಸೊಸೆಗೂ ಇನ್ನೊಂದು ಮನೆಯ ಸೊಸೆಗೂ ಪೈಪೋಟಿ ನಡೆದು ಒಬ್ಬರು ಗೆದ್ದರು. ಸರ್ಕಾರದ ಹಸ್ತಕ್ಷೇಪ ಸ್ವಲ್ಪವೂ ಇಲ್ಲ. ಉತ್ತರಾಧಿಕಾರ ಸುಗಮ.

ಹೀಗಾಗಿ ತಾವು ಮರಳಿ ಬಂದು ಇಲ್ಲಿ ಶಾಖೆ ತೆರೆಯಬೇಕೆಂದು ಕೋರುತ್ತೇನೆ. ಒಂದು ಸಣ್ಣ ತಾಂತ್ರಿಕ ತೊಡಕಿದೆ. 1989ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ನೋಂದಣಿ ಬೇಕಾದ ಪ್ರತಿ ಪಕ್ಷವೂ ಸಮಾಜವಾದಕ್ಕೆ ನಿಷ್ಠರಾಗಿರುತ್ತೇವೆ ಎಂದು ಚುನಾವಣಾ ಆಯೋಗಕ್ಕೆ ಬರೆದುಕೊಡಬೇಕು. ಬೊಂಬಾಯಿಯ ತಮ್ಮ ಹಳಬರು 1990ರ ದಶಕದಲ್ಲಿ ಇದರ ವಿರುದ್ಧ ಹೈಕೋರ್ಟಿಗೆ ಹೋದರು. ಸುಳ್ಳು ಪ್ರಮಾಣ ಮಾಡಲಾರೆವು ಎಂದರಂತೆ. ಮಿಕ್ಕ ಪಕ್ಷಗಳೆಲ್ಲ ಒಂದೇ ಪೆನ್ನಿನಲ್ಲಿ ಸಹಿ ಹಾಕಿ ಷೇರು ಮಾರುಕಟ್ಟೆಯ ಕಡೆ ನಡೆದಿವೆ. ನಮ್ಮ ಇಮಾಂ ಸಾಹೇಬರು ಸಮಾಜವಾದದಿಂದ ತಮ್ಮಲ್ಲಿಗೆ ಬಂದವರಲ್ಲವೇ? ಅದೇ ದಾರಿಯಲ್ಲಿ ತಾವು ಒಂದು ಸಹಿಯಷ್ಟು ದೂರ ವಾಪಸು ನಡೆದರೆ ಸಾಕು.

ಸಹಿಗೆ ಮನಸ್ಸಾದರೆ ತಿಳಿಸಿ. ಬೆಣ್ಣೆ ದೋಸೆ, ಖಾರ ಮಂಡಕ್ಕಿಯ ವ್ಯವಸ್ಥೆ ನನ್ನದು, ಅದಕ್ಕೆ ಯಾರ ಪರ್ಮಿಟ್ಟೂ ಬೇಡ. ಠೇವಣಿಯ ಹಣ ಮಾತ್ರ ತಾವೇ ತರಬೇಕು. ಊರಿನ ಖಾಸಗಿ ಬಂಡವಾಳವೆಲ್ಲ ಆಗಲೇ ಎರಡು ಕಡೆ ಹೂಡಿಕೆಯಾಗಿದೆ.

ಇತಿ ತಮ್ಮ ವಿಶ್ವಾಸಿ,
ಪಿ.ಜೆ. ಬಡಾವಣೆಯ ಒಬ್ಬ ಮತದಾರ