ಪಂಚನಾಮೆ ಕಾಕಾನ ವಾಕಿಂಗು

ಬೋರ್ಡಿನ ಮೇಲೆ ಮುನವಳ್ಳಿ, ಬಾಯಲ್ಲಿ ಮನೋಳಿ. ನಮ್ಮೂರಿಗೆ ಇರುವಂತೆ ನಮ್ಮ ಕಾಕಾನ ಸಂಜೆಯ ಕಾರ್ಯಕ್ರಮಕ್ಕೂ ಎರಡು ಹೆಸರು. ಡಾಕ್ಟರ ಚೀಟಿಯಲ್ಲಿ ಅದು ವಾಕಿಂಗು, ಊರ ಮಂದಿಯ ಬಾಯಲ್ಲಿ ಪಂಚನಾಮೆ.

ಕಾಕಾ ನಿವೃತ್ತ ತಲಾಟಿ. ಜೀವಮಾನವೆಲ್ಲ ಹೊಲದ ಉತಾರ ಬರೆದ ಕೈ ಸುಮ್ಮನಿರಬೇಕಲ್ಲ, ಈಗ ಮನುಷ್ಯರ ಉತಾರ ತೆಗೆಯುತ್ತದೆ. ಸಂಜೆ ಐದಾಯಿತೆಂದರೆ ಇಸ್ತ್ರಿ ಧೋತರ, ಬಿಳಿ ಟೊಪ್ಪಿಗೆ, ಬಗಲಲ್ಲಿ ಕೊಡೆ, ಕಿಸೆಯಲ್ಲಿ ಎಲಿ-ಅಡಿಕಿ ಸಂಚಿ. ಮನೆಯಿಂದ ಮಲಪ್ರಭಾ ಹೊಳೆಯ ಸೇತುವೆತನಕ ಇನ್ನೂರು ಹೆಜ್ಜೆ ನಡೆಯುತ್ತಾರೆ. ಅಲ್ಲಿ ಒಂದು ಕಟ್ಟೆ. ವಾಕಿಂಗು ಅಲ್ಲಿಗೆ ಮುಗಿಯಿತು. ಉಳಿದದ್ದನ್ನು ಬೇರೆಯವರು ನಡೆಯಬೇಕು.

‘ಶುಗರ್ ಐತಿ, ದಿನಾ ನಾಕ ಕಿಲೋಮೀಟರ್ ಅಡ್ಯಾಡ್ರಿ ಅಂದಿಲ್ಲೇನ್ರಿ ಡಾಕ್ಟರು?’ ಎಂದು ಒಮ್ಮೆ ಕೇಳಿದೆ.

‘ಅಡ್ಯಾಡಾಕತ್ತೇನಲ್ಲೋ ತಮ್ಮಾ. ಕಣ್ಣಿಲೆ.’

ಕಾಕಾನ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಗಾಡಿಯ ನಂಬರು. ಕೆಎ 24 ಎಂದರೆ ಬೈಲಹೊಂಗಲ, ಮನೆಯ ಮಗ, ಕೈ ಎತ್ತಿದರೆ ಸಾಕು. ಕೆಎ 25 ಧಾರವಾಡ, ಓದಿದ ಮಂದಿ, ನಮಸ್ಕಾರ ಮಾಡಬೇಕು. ಎಂಎಚ್ 09 ಕೊಲ್ಲಾಪುರ, ಎಲ್ಲಮ್ಮನ ಗುಡ್ಡಕ್ಕೆ ಹೊರಟವರು. ಭಾರತ ಹುಣ್ಣಿಮೆಯ ಹೊತ್ತಿಗೆ ‘ಉಧೋ ಉಧೋ’ ಎನ್ನುತ್ತ ಚಕ್ಕಡಿ, ಟ್ರ್ಯಾಕ್ಟರು, ಟೆಂಪೊ ಸಾಲುಹಿಡಿದರೆ ಕಾಕಾಗೆ ಊಟದ ನೆನಪಿಲ್ಲ. ಒಂದು ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಎಷ್ಟು ತಲೆ, ಅದರಲ್ಲಿ ಸೊಸೆಯಂದಿರು ಎಷ್ಟು, ಅತ್ತೆಯ ಮೋರೆ ಯಾಕೆ ಊದಿದೆ ಎಲ್ಲ ನಮೂದಾಗಬೇಕು.

ನಂಬರಿಲ್ಲದ ಕಾಲ್ನಡಿಗೆಯವರಿಗೆ ಬಾಯಿಲೆ ವಿಚಾರಣೆ. ‘ಯಾವೂರಾತ್ರಿ? ಯಾರ ಪೈಕಿ? ಹಂಗಾರ ಇನಾಮಹೊಂಗಲದಾಗ ನಿಮ್ಮ ಬೀಗರಿರಬೇಕಲ್ಲ?’ ಮೂರನೆಯ ಪ್ರಶ್ನೆಗೆ ಎದುರಿನವನ ಚತುಸ್ಸೀಮೆ ಗೊತ್ತಾಗುತ್ತದೆ: ಮೂಡಣಕ್ಕೆ ಮಾವನ ಮನೆ, ಪಡುವಣಕ್ಕೆ ಸಾಲ, ತೆಂಕಣಕ್ಕೆ ಅಣ್ಣತಮ್ಮಂದಿರ ಕೋರ್ಟು ಕೇಸು. ಬಡಗಣವನ್ನು ಕಾಕಾ ನಾಳೆಗೆ ಇಟ್ಟುಕೊಳ್ಳುತ್ತಾರೆ.

ಬದುಕಿರುವವರು ಯಾರೂ ಸಿಗದ ದಿನ ಸತ್ತವರ ಸರದಿ. 1800ರ ಜುಲೈ 30ರಂದು ಇದೇ ದಂಡೆಯಲ್ಲಿ ಆರ್ಥರ್ ವೆಲ್ಲೆಸ್ಲಿ, ಧೋಂಡಿಯಾ ವಾಘನ ದಂಡಿನ ಮೇಲೆ ಬಿದ್ದ. ಎಷ್ಟೋ ಮಂದಿ ಹೊಳೆಪಾಲಾದರು. ಮುಂದೆ ಅದೇ ವೆಲ್ಲೆಸ್ಲಿ 1815ರಲ್ಲಿ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ. ‘ಮನೋಳಿ ಹೊಳ್ಯಾಗ ಕಲತಾಂವ, ಅಲ್ಲಿ ಹೋಗಿ ಪರೀಕ್ಷಾ ಬರದಾ’ ಎಂಬುದು ಕಾಕಾನ ಷರಾ. 2019ರ ಆಗಸ್ಟಿನಲ್ಲಿ ನವಿಲುತೀರ್ಥ ಡ್ಯಾಮಿನ ನೀರು ನುಗ್ಗಿ ಊರೇ ಕಂಗಾಲಾದಾಗ ಮಾತ್ರ ಅವರ ದಫ್ತರ ಕೆಲದಿನ ಮುಚ್ಚಿತ್ತು. ಮಾಳಿಗೆ ಹತ್ತಿ ಕೂತು, ತೇಲಿ ಹೋಗುವ ಹೊರಸು ಯಾರ ಮನೆಯದೆಂದು ಮೇಲಿನಿಂದಲೇ ಹೇಳುತ್ತಿದ್ದರು. ಎರಡು ತಪ್ಪಾದವು.

ಇಂಥ ಕಾಕಾನ ಮಗನಿಗೆ ಕಾರವಾರಕ್ಕೆ ವರ್ಗವಾಯಿತು. ‘ಅಪ್ಪಾ, ಸಮುದ್ರ ನೋಡಾಕ ಬರ್ರಿ’ ಎಂದು ಫೋನಿನ ಮೇಲೆ ಫೋನು. ಜೋಡಿಗೆ ನಾನು. ಯಲ್ಲಾಪುರ ದಾಟಿ, ಅರಬೈಲ್ ಘಾಟ್ ಇಳಿದು, ಅಂಕೋಲಾ ಹಾಯ್ದು ಹೋದೆವು. ದಾರಿಯುದ್ದಕ್ಕೂ ಕಾಕಾ ಕಾಡು ನೋಡಲಿಲ್ಲ. ಮುಂದಿನ ಲಾರಿಯ ಹಿಂಭಾಗ ಓದುತ್ತಿದ್ದರು.

ಸಂಜೆ ಟ್ಯಾಗೋರ್ ಬೀಚಿಗೆ ಕರೆದೊಯ್ದೆವು. ಇಪ್ಪತ್ತೆರಡರ ಹರೆಯದಲ್ಲಿ ರವೀಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು, ಈ ದಂಡೆಯ ಚೆಲುವಿಗೆ ಮರುಳಾಗಿ ನಾಟಕವನ್ನೇ ಬರೆದರು ಎಂದು ಮಗ ಭಕ್ತಿಯಿಂದ ವಿವರಿಸಿದ. ಕಾಕಾ ಗಂಭೀರವಾಗಿ ಕೇಳಿ, ‘ಅಣ್ಣಾ ಜಡ್ಜ್ ಅಂದಮ್ಯಾಲ ಸರಕಾರಿ ಬಂಗಲೆ. ಬಾಡಿಗಿ ಇಲ್ಲ. ನಾಟಕಾ ಬರಿಯಾಕ ಏನ ತ್ರಾಸು?’ ಎಂದರು. ದಂಡೆಯ ಮೇಲೆ ನಿಲ್ಲಿಸಿರುವ ಚಪಲ್ ಯುದ್ಧನೌಕೆಯ ಮ್ಯೂಸಿಯಂ ತೋರಿಸಿದರೆ, ಅದು ನಿಂತ ಜಾಗದ ಸರ್ವೇ ನಂಬರು ಕೇಳಿದರು.

ಆಮೇಲೆ ಕಾಕಾ ಒಂದು ಬೆಂಚು ಆರಿಸಿದರು. ಬೀಚಿನ ಮಂದಿಯೆಲ್ಲ ಪಶ್ಚಿಮಕ್ಕೆ ಮುಖ ಮಾಡಿ, ಫೋನು ಎತ್ತಿ, ಮುಳುಗುವ ಸೂರ್ಯನನ್ನು ಹಿಡಿಯುವ ಗಡಿಬಿಡಿಯಲ್ಲಿದ್ದರೆ, ಕಾಕಾ ಅರಬ್ಬಿ ಸಮುದ್ರಕ್ಕೆ ಬೆನ್ನು ತಿರುಗಿಸಿ ಕೂತು ಆ ಮಂದಿಯನ್ನು ನೋಡತೊಡಗಿದರು.

‘ಅಪ್ಪಾ, ಸಮುದ್ರ ಆ ಕಡೆ ಐತ್ರಿ!’

‘ಗೊತ್ತೈತಿ. ಸಪ್ಪಳ ಕೇಳಾಕತ್ತೈತಿ.’

ಮಗನಿಗೆ ನಾಚಿಕೆ. ನನಗೆ ಮಾತ್ರ ನಮ್ಮ ಹೊಳೆಯ ನೆನಪಾಯಿತು. ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ, ಸಹ್ಯಾದ್ರಿಯ ನೆತ್ತಿಯ ಮೇಲೆ. ಘಟ್ಟ ಇಳಿದರೆ ಸಮುದ್ರ. ಅದೇ ತಾಲ್ಲೂಕಿನ ಮಹದಾಯಿ ಹಾಗೆಯೇ ಇಳಿದು ಗೋವಾ ಸೇರಿದಳು. ನಮ್ಮವಳು ಕಡಲಿಗೆ ಬೆನ್ನು ತಿರುಗಿಸಿ, ಸವದತ್ತಿ, ಮನೋಳಿ, ರಾಮದುರ್ಗ ಎಂದು ಮಂದಿ ಇರುವ ಕಡೆಗೇ ಹರಿದು, 304 ಕಿಲೋಮೀಟರ್ ತಿರುಗಿ ಕೂಡಲಸಂಗಮದಲ್ಲಿ ಕೃಷ್ಣೆಯ ಕೈ ಹಿಡಿದಳು. ಇದನ್ನು ಕಾಕಾಗೆ ಹೇಳಿದ್ದೇ ತಪ್ಪಾಯಿತು. ‘ಅಕ್ಕನ್ನ ಗೋವಾಕ್ಕ ಕೊಟ್ಟಾರ, ತಂಗಿ ತವರಾಗ ಉಳದಾಳ. ಈಗ ಅಕ್ಕನ ಪಾಲಿನ ನೀರ ತಂಗಿಗೆ ಬೇಕಂತ ಕೇಸು. 2018ರಾಗ ನ್ಯಾಯಮಂಡಳಿ ಕಳಸಾ ಬಂಡೂರಿಗೆ 3.9 ಟಿಎಂಸಿ ಬರದೈತಿ. ಬರದದ್ದು ಉತಾರದಾಗ ಏರಬೇಕಲ್ಲ!’ ಎಂದು ಅರ್ಧ ಗಂಟೆ ವಾಟ್ನಿ ಪ್ರಕರಣದ ವಿಚಾರಣೆ ನಡೆಯಿತು. ಸೂರ್ಯ ಅಷ್ಟರಲ್ಲಿ ಮುಳುಗಿದ್ದ.

ಚುರಮರಿ ಗಾಡಿಯವ ಬಂದ. ಕಾಕಾ ಒಂದು ಹಿಡಿ ಬಾಯಿಗೆ ಹಾಕಿಕೊಂಡವರೇ ಕಣ್ಣು ಸಣ್ಣ ಮಾಡಿದರು. ‘ಖಾರ ನಮ್ಮ ಕಡೀದು. ಯಾವೂರೋ ತಮ್ಮಾ?’

‘ಕಟಕೋಳರಿ, ರಾಮದುರ್ಗ ತಾಲೂಕು.’

‘ಯಾರ ಪೈಕಿ?’

ಮುಂದಿನ ಎರಡು ದಿನ ಕಾಕಾ ಆ ಬೆಂಚು ಬಿಡಲಿಲ್ಲ. ಹುಡುಗ ಗಿರಾಕಿಗೆ ಉಳ್ಳಾಗಡ್ಡಿ ಹೆಚ್ಚುತ್ತ ಅವ್ವನ ಆಪರೇಷನ್ನು, ಬಿದ್ದ ಗೋಡೆ, ಕೂಡದ ಲಗ್ನ ಎಲ್ಲ ಹೇಳಿಕೊಂಡ. ಹೊರಡುವ ದಿನ ಕಾಕಾ ಅವನ ಕೈಗೆ ನೂರರ ಎರಡು ನೋಟು ತುರುಕಿದ್ದನ್ನು ನಾನು ನೋಡಿದೆ. ನೋಡಿದ್ದು ಅವರಿಗೂ ಗೊತ್ತಾಯಿತು. ‘ಚುರಮರಿ ಬಾಕಿ ಇತ್ತು’ ಎಂದರು.

ಮನೋಳಿಗೆ ಮರಳಿದ ಸಂಜೆ ಕಟ್ಟೆಯ ಸುತ್ತ ಹತ್ತು ಮಂದಿ. ‘ಕಾಕಾ, ಸಮುದ್ರ ಹೆಂಗಿತ್ರಿ?’

‘ಸಮುದ್ರಾನ?’ ಕಾಕಾ ತುಸು ಯೋಚಿಸಿದರು. ‘ಐತಿ, ನೀರು ಬೇಕಾದಷ್ಟೈತಿ. ಅದು ಬಿಡ, ಕಟಕೋಳದ ಒಬ್ಬ ಹುಡುಗ, ನೌಕರಿ ಇಲ್ಲ, ಗಾಡಿ ಸ್ವಂತದ್ದು, ಚಟಾ ಇಲ್ಲ. ಯಾರರೆ ಕನ್ಯಾ ಇದ್ರ…’

ಅಷ್ಟರಲ್ಲಿ ಸೇತುವೆ ಮೇಲೆ ಬಿಳಿ ಕಾರೊಂದು ನಿಧಾನ ಮಾಡಿತು. ಕೆಎ 30. ಕಾರವಾರ! ಕಾಕಾ ಕೊಡೆಯನ್ನು ಕಟ್ಟೆಯ ಮೇಲೆಯೇ ಬಿಟ್ಟು, ಧೋತರದ ಚುಂಗು ಎತ್ತಿ ಹಿಡಿದು, ಕಾರಿನ ಹಿಂದೆ ಸರಸರ ನಡೆದೇಬಿಟ್ಟರು.

‘ಅಲೋ, ಕಾಕಾ ವಾಕಿಂಗ್ ಹೊಂಟಾರಲೇ!’ ಎಂದು ಯಾರೋ ಕೂಗಿದರು.