ಫೋನಿಗೊಂದು ಸಾಲಾವಳಿ

ಬರ್ಮಿಂಗ್‌ಹ್ಯಾಮ್, ಮ್ಯಾಂಚೆಸ್ಟರ್, ಲೀಡ್ಸ್ ಸುತ್ತಮುತ್ತಲಿನ ನಮ್ಮ ಕನ್ನಡದವರು ಮಕ್ಕಳ ಮದುವೆಗೆ ಸಾಲಾವಳಿ ನೋಡುವುದನ್ನು ಬಿಟ್ಟಿರಬಹುದು, ಫೋನಿಗೆ ಬಿಟ್ಟಿಲ್ಲ. ಹಳೆಯದರ ಬ್ಯಾಟರಿ ಮಧ್ಯಾಹ್ನಕ್ಕೇ ಮಲಗತೊಡಗಿತೆಂದರೆ ಮನೆಯ ಯಜಮಾನರು ಎಕ್ಸೆಲ್ ಹಾಳೆ ಬಿಚ್ಚುತ್ತಾರೆ. ಒಂದು ಕಡೆ ಐಫೋನ್ 17, ಇನ್ನೊಂದು ಕಡೆ ಗ್ಯಾಲಕ್ಸಿ ಎಸ್25. ಮಾರುಕಟ್ಟೆಗೆ ಬಂದಾಗ ಎರಡಕ್ಕೂ ಇಲ್ಲಿ ಆರಂಭದ ಬೆಲೆ 799 ಪೌಂಡ್. ದುಡ್ಡೇ ತೀರ್ಪು ಕೊಡಲು ಒಪ್ಪದಿದ್ದ ಮೇಲೆ ಗುಣ ಎಣಿಸದೆ ವಿಧಿಯಿಲ್ಲ.

ಇವೆರಡೂ ಬದ್ಧವೈರಿ ಮನೆತನಗಳೆಂಬ ನಂಬಿಕೆಯ ಮೇಲೆ ಈ ಎಣಿಕೆ ನಿಂತಿದೆ. 2020ರಲ್ಲಿ ಆಪಲ್ ಡಬ್ಬಿಯಿಂದ ಚಾರ್ಜರ್ ಕಿತ್ತಾಗ ಸ್ಯಾಮ್‌ಸಂಗ್ ಫೇಸ್‌ಬುಕ್ಕಿನಲ್ಲಿ ಹಂಗಿಸಿತು. ಕೆಲವೇ ತಿಂಗಳಲ್ಲಿ ತಾನೂ ಕಿತ್ತಿತು, ಹಂಗಿಸಿದ್ದನ್ನು ಅಳಿಸಿತು. 2017ರ ಐಫೋನ್ ಎಕ್ಸ್‌ಗೆ ಪರದೆ ಮಾಡಿಕೊಟ್ಟದ್ದೇ ಸ್ಯಾಮ್‌ಸಂಗ್ ಬಳಗದ ಕಂಪನಿ. ಬೀಗರು ಒಳಗೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದಾರೆ. ಜಗುಲಿಯಲ್ಲಿ ನಾವು ಅವರ ಪರವಾಗಿ ಕೈಕೈ ಮಿಲಾಯಿಸುತ್ತಿದ್ದೇವೆ.

ಈ ಜಗಳ ಇಲ್ಲಿನ ಕೋರ್ಟಿನ ಮೆಟ್ಟಿಲೂ ಹತ್ತಿದೆ, ಫೋನಿನ ಅಣ್ಣ ಟ್ಯಾಬ್ಲೆಟ್ಟಿಗಾಗಿ. 2012ರ ಜುಲೈನಲ್ಲಿ ಹೈಕೋರ್ಟಿನ ನ್ಯಾಯಾಧೀಶ ಕಾಲಿನ್ ಬಿರ್ಸ್, ಗ್ಯಾಲಕ್ಸಿ ಟ್ಯಾಬ್ ಆಪಲ್ ವಿನ್ಯಾಸದ ನಕಲಲ್ಲ ಎಂದರು. ಅದು ಆಪಲ್‌ನಷ್ಟು ‘ಕೂಲ್’ ಆಗಿಲ್ಲ ಎಂಬ ಮಾತನ್ನೂ ಸೇರಿಸಿದರು. ಗೆದ್ದವನಿಗೆ ಮಂಗಳಾರತಿ, ಸೋತವನಿಗೆ ಹಾರ ತುರಾಯಿ! ಸೋತದ್ದನ್ನು ವೆಬ್‌ಸೈಟಿನಲ್ಲಿ ಸಾರಬೇಕೆಂದು ಆದೇಶವಾದರೆ, ಆಪಲ್ ಆ ಪ್ರಕಟಣೆಯೊಳಗೇ ‘ಕೂಲ್’ ಪ್ರಶಸ್ತಿಯನ್ನು ತುರುಕಿತು. ಮೇಲ್ಮನವಿ ನ್ಯಾಯಾಲಯ ಗದರಿ ತಿದ್ದಿಸಬೇಕಾಯಿತು. ಸಾಲಿಹಲ್‌ನಲ್ಲಿ ಐಫೋನ್ ಹಿಡಿದು ತುಸು ಗತ್ತಿನಲ್ಲಿ ನಡೆಯುವವರನ್ನು ಕಂಡು ಕರುಬಬೇಡಿ. ಅವರ ಗತ್ತಿಗೆ ಕೋರ್ಟಿನ ಮೊಹರಿದೆ.

ಸ್ಯಾಮ್‌ಸಂಗ್ ಪಕ್ಷವೂ ಬರಿಗೈಯಲ್ಲಿಲ್ಲ. ಲೀಡ್ಸ್ ಚಳಿಯಲ್ಲಿ ಕೈಗವಸು ಬಿಚ್ಚದೆ ಪರದೆ ಒತ್ತಬಹುದು, ಅದಕ್ಕೊಂದು ಸೆಟ್ಟಿಂಗ್ ಇದೆ. ಅವರ ಬ್ರಹ್ಮಾಸ್ತ್ರ ಮಾತ್ರ ಅಲ್ಟ್ರಾ ಮಾದರಿಯ 100 ಪಟ್ಟು ಝೂಮ್. ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರ ತೋರಿಸಿದರೂ ಈ ಫೋನು ಕುಳಿ, ಕಲೆಗಳನ್ನು ತಾನೇ ತುಂಬಿಕೊಡುತ್ತದೆಂದು 2023ರಲ್ಲಿ ದೊಡ್ಡ ಗದ್ದಲವಾಯಿತು. ಗದ್ದಲ ಮಾಡಿದವರು ಮ್ಯಾಂಚೆಸ್ಟರಿನಲ್ಲಿ ಸಂಕಷ್ಟಿ ಹಿಡಿದವರಲ್ಲ. ಮೋಡದ ಸಂದಿಯಲ್ಲಿ ಬಿಳಿಯದೇನೋ ಮಿಣುಕಿದರೆ ಸಾಕು, ಅಂಗೈಯಲ್ಲೇ ಚಂದ್ರದರ್ಶನ. ‘ರೀ, ಬಂದ ಬಂದ, ಬೇಗ ಬನ್ನಿ!’ ಎನ್ನುತ್ತಾ ಪರದೆಗೇ ಅರ್ಘ್ಯ ಬಿಡಬಹುದು. ನೀರು ತಾಳಿಕೊಳ್ಳಲು ಐಪಿ68 ಇದ್ದೇ ಇದೆ.

ಹಾಳೆಯಲ್ಲಿ ಹೆಸರೇ ಇಲ್ಲದ ಮೂರನೆಯ ಫೋನೊಂದು ಅಡುಗೆಮನೆ ಡ್ರಾಯರಿನಲ್ಲಿ, ಇಂಗಿನ ಡಬ್ಬಿಯ ಪಕ್ಕ ಮಲಗಿದೆ. ಗಾಜು ಸೀಳಿದೆ, ಚಾರ್ಜರನ್ನು ಓರೆ ಮಾಡಿ ಹಿಡಿಯಬೇಕು. ಊರಿನ ಸಿಮ್ ಇರುವುದು ಅದರಲ್ಲಿ. ಊರಿನ ಬ್ಯಾಂಕಿನ ಒಟಿಪಿ ಬರುವುದು ಅದಕ್ಕೆ. ಹೊಸ ಫೋನು ಯಾವುದೇ ಬರಲಿ, ಆ ಸಿಮ್ಮನ್ನು ಅಲ್ಲಿಂದ ಕದಲಿಸುವ ಧೈರ್ಯ ಯಾರಿಗೂ ಇಲ್ಲ.

ಇಷ್ಟರಲ್ಲಿ ಹಾಸನದಿಂದ ಭಾವಮೈದುನನ ಕರೆ: ‘ಭಾವ, ಬರೋವಾಗ ನಂಗೂ ಒಂದು ಐಫೋನ್ 17 ತನ್ನಿ. ಫಾರಿನ್ ಪೀಸೇ ಬೇರೆ.’ ಆ ಫಾರಿನ್ ಪೀಸು ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆಯಲ್ಲೂ ತಯಾರಾಗುತ್ತದೆ, ಭಾವ ಬಂದಿಳಿಯುವ ವಿಮಾನ ನಿಲ್ದಾಣದ ತಾಲ್ಲೂಕಿನಲ್ಲೇ. ಭಾರತದಲ್ಲಿ ಅದು ಬಂದದ್ದು 82,900 ರೂಪಾಯಿಗೆ. ಇಲ್ಲಿನ 799 ಪೌಂಡನ್ನು ರೂಪಾಯಿ ಮಾಡಿದರೆ 90 ಸಾವಿರ ದಾಟುತ್ತದೆ. ಬ್ರೆಕ್ಸಿಟ್ ಆದಮೇಲೆ, ಪ್ರವಾಸಿಗರು ಅಂಗಡಿಯಲ್ಲಿ ಕೊಟ್ಟ ಶೇ. 20 ವ್ಯಾಟ್ ವಾಪಸ್ ಪಡೆಯುವ ಬಾಗಿಲೂ ಮುಚ್ಚಿದೆ. ಇದನ್ನು ಭಾವಮೈದುನನಿಗೆ ಬಿಡಿಸಿ ಹೇಳುವ ಮೂರ್ಖ ಇನ್ನೂ ಹುಟ್ಟಿಲ್ಲ.

ಕೊನೆಗೆ ಹಾಳೆಯಲ್ಲಿ ಸ್ಯಾಮ್‌ಸಂಗ್ ಗೆದ್ದಿತು, ಅಂಗಡಿಯಲ್ಲಿ ಐಫೋನ್ ಕೊಂಡರು. ಬಿದ್ದು ಒಡೆಯದಿರಲಿ ಎಂದು ಕವಚ ಆರಿಸುವಾಗ ಗಟ್ಟಿ ಕಪ್ಪು ಚರ್ಮದ್ದನ್ನು ಪಕ್ಕಕ್ಕಿಟ್ಟು ಪಾರದರ್ಶಕವಾದದ್ದನ್ನೇ ಎತ್ತಿಕೊಂಡರು. ಕಚ್ಚಿದ ಹಣ್ಣು ಮುಚ್ಚಿಹೋದರೆ ರಾಜ್ಯೋತ್ಸವದ ಊಟದ ಸಾಲಿನಲ್ಲಿ 799 ಪೌಂಡು ಯಾರ ಕಣ್ಣಿಗೆ ಬೀಳಬೇಕು?