ಗಡಬಡ ಮೀಮಾಂಸೆ

ಒಂದು ಮೊಳ ದೂರದ ಚೆಂಡನ್ನು ಕುಳಿಗೆ ತಳ್ಳುವಾಗ ಕೈ ನಡುಗುವ ವ್ಯಾಧಿಗೆ ಗಾಲ್ಫಿನವರು ‘ಯಿಪ್ಸ್’ ಎಂದು ಹೆಸರಿಟ್ಟಿದ್ದಾರೆ. ನಮ್ಮ ಚಿಕ್ಕೋಡಿ ಸೀಮೆಯಲ್ಲಿ ಇದಕ್ಕೆ ‘ಗಡಬಡ’ ಎನ್ನುತ್ತಾರೆ. ಕುಸ್ತಿ, ಗಾಡಿ ಶರ್ಯತ್ತು, ಕನ್ಯೆ ನೋಡಲು ಹೋದಾಗ ಚಹಾದ ಬಸಿ ಹಿಡಿಯುವುದು, ಈ ಎಲ್ಲದಕ್ಕೂ ಸಲ್ಲುವುದರಿಂದ ನಮ್ಮ ಪದವೇ ವ್ಯಾಪಕವೆಂದು ಈ ಪ್ರಬಂಧಕಾರನ ಅಭಿಮತ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ: ಸುತ್ತ ಕಬ್ಬೇ ಕಬ್ಬು ಇರುವ ಊರಲ್ಲಿ ಗಾಲ್ಫ್ ಶಾಸ್ತ್ರವೆಂತು? ಉತ್ತರ ಸರಳ. ಕೊಲ್ಹಾಪುರದ ಖಾಸಬಾಗಿನಲ್ಲಿ ಕುಸ್ತಿ ನೋಡಲು ಕೂತವರೆಲ್ಲ ಲಂಗೋಟಿ ಕಟ್ಟಿದವರೇ?

ನನ್ನ ಕ್ಷೇತ್ರಕಾರ್ಯ ನಡೆದದ್ದು 2021ರ ಆಗಸ್ಟ್ 7ರ ಮುಂಜಾನೆ, ಒಂದು ಚಹಾದಂಗಡಿಯಲ್ಲಿ. ಸಕ್ಕರೆ ಡಬ್ಬಿಗೆ ಆನಿಸಿದ್ದ ಮೊಬೈಲಿನಲ್ಲಿ ಟೋಕಿಯೊ ಒಲಿಂಪಿಕ್ಸ್. ಬೆಂಗಳೂರಿನ ಅದಿತಿ ಅಶೋಕ್ ಪದಕದ ಅಂಚಿನಲ್ಲಿದ್ದರು, ಆಟದ ಚೀಲ ಹೊತ್ತು ಜೊತೆಗೆ ತಾಯಿ. ಹಿಂದಿನ ದಿನದವರೆಗೆ ಗಾಲ್ಫ್ ಎಂದರೆ ಏನೆಂದು ತಿಳಿಯದ ಏಳು ಮಂದಿ ಆಗಲೇ ಪಂಡಿತರಾಗಿದ್ದರು. ಮೂಲೆಯ ಬಾಕಿನ ಮೇಲಿದ್ದ ಕಾಕಾ ಮಾತ್ರ ಮೂಲಭೂತ ಪ್ರಶ್ನೆ ಎತ್ತಿದರು.

‘ಯಾರ ಹೆಚ್ಚ ಹೊಡದಾರೋ ತಮ್ಮಾ?’

‘ಹೆಚ್ಚಲ್ಲ ಕಾಕಾ, ಕಡಿಮಿ ಹೊಡದವ್ರ ಗೆಲ್ತಾರ.’

‘ಹಂಗಾರ ನಾ ಮನ್ಯಾಗ ಕುಂತ ಗೆದ್ದೇನಿ ತಗೋ.’

ಕೊನೆಯ ಕುಳಿಯ ಹೊತ್ತಿಗೆ ಇದೇ ಕಾಕಾ ಉಸಿರು ಬಿಡುವುದನ್ನೂ ಮರೆತಿದ್ದರು. ಬಸಿಗೆ ಸುರಿದ ಚಹಾದ ಮೇಲೆ ಕೆನೆ ಕಟ್ಟಿತ್ತು. ಚೆಂಡು ಕುಳಿಗೆ ಬೀಳಲಿಲ್ಲ. ಅದಿತಿ ನಾಲ್ಕನೆಯವರಾದರು, ಕಂಚಿಗೆ ಒಂದೇ ಹೊಡೆತದ ಅಂತರ. ‘ಹುಡುಗಿ ಗಡಬಡಸ್ತು’ ಎಂದ ಒಬ್ಬ ಪಂಡಿತ. ಕಾಕಾ ಅವನಿಗೆ ತಮ್ಮ ಧೋತರ ತೋರಿಸಿದರು. ತೊಡೆಯ ಮೇಲೆ ಅಂಗೈ ಅಗಲದ ಚಹಾದ ಕಲೆ. ‘ಆಕಿ ಕೈ ಎಲ್ಲಿ ನಡಗೇತಿ? ನಂದ ನಡಗೇತಿ.’

ಅಂದು ಆಕೆ 68 ಹೊಡೆತದಲ್ಲಿ ಸುತ್ತು ಮುಗಿಸಿದ್ದರು. ಅದನ್ನು ಗಡಬಡವೆನ್ನಲು ಎದೆಗಾರಿಕೆ ಬೇಕು. ನನ್ನ ಸಿದ್ಧಾಂತ ಹುಟ್ಟಿದ್ದು ಆ ಕಲೆಯಿಂದಲೇ: ಗಡಬಡವು ಕೂತವನಲ್ಲಿ ಜನಿಸಿ ‘ಗೆದ್ದಂಗ ಬಿಡ್ರಿ’ ಎಂಬ ವಾಕ್ಯದ ಮೂಲಕ ಆಡುವವನಿಗೆ ಅಂಟುತ್ತದೆ. ಜಾತ್ರೆಯ ನಿಕಾಲಿ ಕುಸ್ತಿಯಲ್ಲಿ ಈ ವಾಕ್ಯ ಕಿವಿಗೆ ಬಿದ್ದ ಮೇಲೆಯೇ ಎಷ್ಟೋ ಪೈಲ್ವಾನರು ಚಿತ್ತಾಗಿದ್ದಾರೆ.

ದೃಷ್ಟಾಂತವಾಗಿ 1999, ಕಾರ್ನೂಸ್ಟಿ. ಫ್ರಾನ್ಸಿನ ಜಾನ್ ವಾನ್ ಡ ವೆಲ್ಡ್ ಬ್ರಿಟಿಷ್ ಓಪನ್ನಿನ ಕೊನೆಯ ಕುಳಿಗೆ ಮೂರು ಹೊಡೆತ ಮುಂದಿದ್ದ. ಆರು ಹೊಡೆದಿದ್ದರೂ ಕಪ್ಪು ಅವನದೇ. ಚೆಂಡು ಹಳ್ಳಕ್ಕೆ ಬಿತ್ತು. ಬೂಟು, ಕಾಲುಚೀಲ ಕಳಚಿ, ಪ್ಯಾಂಟು ಮಡಚಿ ನೀರಿಗಿಳಿದು ನಿಂತ. ಕಡೆಗೆ ಏಳಾಯಿತು, ಪ್ಲೇಆಫಿನಲ್ಲಿ ಪಾಲ್ ಲಾರಿ ಗೆದ್ದ. ಇದರ ವ್ಯಾಖ್ಯಾನದಲ್ಲಿ ನಮ್ಮ ತಾಲೂಕುಗಳು ಒಡೆದಿವೆ. ಚಪ್ಪಲಿ ಹೊಲಿದು ಹೆಸರಾದ ಅಥಣಿಯ ಪಂಥ ಪಾದರಕ್ಷೆ ಕಳಚಿದ್ದೇ ಮೂಲದೋಷವೆನ್ನುತ್ತದೆ. ಕೈ ಖಾಲಿ ಇದ್ದರೆ ತಾನೇ ನಡುಗುವುದು, ಅಂಗೈಯಲ್ಲಿ ಚಿಟಿಕೆ ತಂಬಾಕು ತಿಕ್ಕಬೇಕಿತ್ತು ಎಂಬುದು ನಿಪ್ಪಾಣಿಯ ವಾದ. ಎತ್ತು ಎಂದೂ ಗಡಬಡಿಸದು, ಗಡಬಡಿಸುವವ ಗಾಡಿ ಹೊಡೆಯುವವನೇ ಎಂದು ರಾಯಬಾಗದವರು ಚೀಲ ಹೊರುವವನ ಮೇಲೆ ಹಾಕುತ್ತಾರೆ. ಕಾಗವಾಡ ಬೇರೆ ತಾಲೂಕಾಗಿದೆಯಾದರೂ ಅದರ ಅಭಿಪ್ರಾಯ ಅಥಣಿಯಿಂದ ಇನ್ನೂ ವರ್ಗವಾಗಿ ಬಂದಿಲ್ಲ. ಕಾಕಾ ಅಂದದ್ದು ಇಷ್ಟೇ: ‘ನಮ್ಮಲ್ಲಿ ಪ್ಯಾಂಟ ಮಡಚಿ ಕಾಲುವಿಗಿ ಇಳದಾವ ನೀರರ ತಿರುವಿಕೊಂಡ ಬರ್ತಾನ.’

ರೋರಿ ಮ್ಯಾಕಿಲ್‌ರಾಯ್ 2011ರಲ್ಲಿ ಅಗಸ್ಟಾದ ಮಾಸ್ಟರ್ಸ್‌ನಲ್ಲಿ ಕೊನೆಯ ದಿನಕ್ಕೆ ನಾಲ್ಕು ಹೊಡೆತ ಮುಂದಿದ್ದು 80 ಹೊಡೆದು ಸೋತ. ಅದೇ ಕಪ್ಪು ಅವನ ಕೈ ಸೇರಿದ್ದು 2025ರಲ್ಲಿ. ನಡುವಿನ 14 ವರ್ಷ ‘ಗೆದ್ದಂಗ ಬಿಡ್ರಿ’ ಎಂದವರು ಸುಸ್ತಾದರೆಂದು ನನ್ನ ಊಹೆ.

ಸಿದ್ಧಾಂತಕ್ಕೆ ಅಪವಾದ ಒಂದೇ, ಅದೂ ನಮ್ಮ ಜಿಲ್ಲೆಯದೇ. 2022ರ ಆಗಸ್ಟಿನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನಕ್ಕೆ ಚಿರತೆಯೊಂದು ಹೊಕ್ಕಿತು. ಸುತ್ತಲಿನ 22 ಶಾಲೆಗಳಿಗೆ ರಜೆ. ಬೋನು, ಡ್ರೋನು, ಕ್ಯಾಮೆರಾ ಬಂದವು. ಸಕ್ರೆಬೈಲಿನಿಂದ ಅರ್ಜುನ, ಆಲೆ ಎಂಬ ಆನೆಗಳೂ ಬಂದವು. ‘ಇವತ್ತ ಸಿಕ್ಕಂಗ ಬಿಡ್ರಿ’ ಎಂದು ಇಡೀ ಜಿಲ್ಲೆ ದಿನವೂ ಅಂದಿತು. ಚಿರತೆ ಸಿಗಲೇ ಇಲ್ಲ. ಆ ಮೈದಾನದಲ್ಲಿ ಅಷ್ಟು ಒತ್ತಡ ತಾಳಿಕೊಂಡು ಆಡಿದವರು ಬೇರೆ ಯಾರೂ ಇರಲಿಕ್ಕಿಲ್ಲ.

ಈ ತೊಡಕನ್ನು ಕಾಕಾನ ಮುಂದಿಟ್ಟೆ.

‘ಅದಕ್ಕ ನಮ್ಮ ಮಾತ ಹೆಂಗ ತಟ್ಟಬೇಕೋ? ಅದಕ್ಕ ಕನ್ನಡಾನೂ ತಿಳಿಯೂದಿಲ್ಲ, ಮರಾಠಿನೂ ತಿಳಿಯೂದಿಲ್ಲ.’

‘ಮ್ಯಾಕಿಲ್‌ರಾಯ್‌ಗ ತಿಳೀತೈತೇನ ಕಾಕಾ?’

ಕಾಕಾ ಎದ್ದು ಧೋತರ ಕೊಡವಿ, ಚಹಾದ ರೊಕ್ಕ ನನ್ನ ಲೆಕ್ಕಕ್ಕೆ ಹಚ್ಚಲು ಅಂಗಡಿಯವನಿಗೆ ಹೇಳಿ ಹೋದರು.